ಕಿಟೆಲ್ ಹೊತ್ತ ಶಿಲುಬೆ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ನಮ್ಮ ಬಾಲ್ಯದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ವಾಸವಾಗಿದ್ದರು. ಓಣಿಯವರಿಗೆಲ್ಲ ಅವರು ಟೀಚರಮ್ಮ. ಅವರದು ಮಂಗಳೂರಿನ ಬಾಸೆಲ್ ಮಿಷನ್ ಕಡೆಯ ಕ್ರೈಸ್ತ ಕುಟುಂಬ. ಗಂಡ ಪಾರ್ಶ್ವವಾಯು ಬಡಿದು ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ದರು. ಎದುರು ಗೋಡೆಯ ಗೂಡಿನಲ್ಲಿ ಒಂದು ಬೈಬಲ್, ಅದರ ಪಕ್ಕದಲ್ಲಿ ರಟ್ಟು ಬಿಟ್ಟುಹೋದ ದಪ್ಪನೆಯ ಪುಸ್ತಕ. ಅದೇ ಕಿಟೆಲ್ ನಿಘಂಟು. ಟೀಚರಮ್ಮನಿಗೆ ಕಣ್ಣು ಮಂಜಾಗುತ್ತಾ ಬಂದಿದ್ದರಿಂದ ಸಂಜೆ ಹೊತ್ತು ನನ್ನನ್ನು ಕರೆದು ಅದರಲ್ಲಿ ಪದ ಹುಡುಕಿಸುತ್ತಿದ್ದರು. ಕೂಲಿ ಎರಡು ಕೋಡುಬಳೆ. ಬಜಾರಿನ ಹೂವಿನವರ ಕೂಗು, ದಿನಸಿ ಅಂಗಡಿಗಳ ಮುಂದೆ ಮೂಟೆ ಇಳಿಸುವವರ ಗದ್ದಲ ಇವುಗಳ ನಡುವೆ ನಾನು ಓದಿದ ಮೊದಲ ದೊಡ್ಡ ಪುಸ್ತಕ ಒಂದು ನಿಘಂಟೆಂಬುದು ಈಗ ನೆನೆದರೆ ವಿಚಿತ್ರವೆನಿಸುತ್ತದೆ.

ಆ ಮನೆಗೆ ಬಂದುಹೋಗುವವರು ಎರಡು ಬಗೆಯ ಸಮಾಧಾನ ಹೇಳುತ್ತಿದ್ದರು. ನೆರೆಹೊರೆಯ ನಾವು ಹಿಂದಿನ ಜನ್ಮದ ಕರ್ಮವೆನ್ನುತ್ತಿದ್ದೆವು. ಅವರ ಸಭೆಯವರು ದೇವರು ಕೊಟ್ಟ ಶಿಲುಬೆಯೆನ್ನುತ್ತಿದ್ದರು. ಟೀಚರಮ್ಮ ಎರಡಕ್ಕೂ ತಲೆಯಾಡಿಸಿ ಕಾಫಿ ಕೊಟ್ಟು ಕಳುಹಿಸುತ್ತಿದ್ದರು. ಅವರು ಹೋದ ಮೇಲೆ ಎದ್ದು, ಗಂಡನಿಗೆ ಬೆನ್ನು ಹುಣ್ಣಾಗದಂತೆ ಮಗ್ಗುಲು ತಿರುಗಿಸಿ, ಮತ್ತೆ ಪಾಠಕ್ಕೆ ಬಂದ ಮಕ್ಕಳ ಮುಂದೆ ಕುಳಿತುಕೊಳ್ಳುತ್ತಿದ್ದರು. ಅವರು ನೋವನ್ನು ಒಪ್ಪಿಕೊಂಡಿದ್ದರೇ, ಇಲ್ಲವೇ ಎಂಬುದು ಆಗ ನನಗೆ ತಿಳಿಯಲಿಲ್ಲ. ಆ ಪ್ರಶ್ನೆ ಮಾತ್ರ ಉಳಿಯಿತು. ವರ್ಷಗಳು ಕಳೆದ ಮೇಲೆ ಆ ನಿಘಂಟನ್ನು ರಚಿಸಿದವನ ಜೀವನವನ್ನು ಓದಿದಾಗ ಅದಕ್ಕೆ ಒಂದು ಬಗೆಯ ಉತ್ತರ ದೊರೆಯಿತೆಂದು ನನ್ನ ನಂಬಿಕೆ.

ಫರ್ಡಿನೆಂಡ್ ಕಿಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಉತ್ತರ ಸಮುದ್ರದ ದಂಡೆಗೆ ಹತ್ತಿರವಾದ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಲಂಡನ್ ಮಿಷನ್ನಿನ ವಿಲಿಯಂ ರೀವ್ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ್ದೂ ಅದೇ ವರ್ಷ. 2023ರಲ್ಲಿ ಗುಡ್ ಫ್ರೈಡೆ ಏಪ್ರಿಲ್ 7ರಂದೇ ಬಂದಿತ್ತು. ಶಿಲುಬೆಯ ದಿನವೂ ಕಿಟೆಲರ ಜನ್ಮದಿನವೂ ಕೂಡಿಬಂದ ಆ ಶುಕ್ರವಾರ, ಈ ಮನುಷ್ಯನನ್ನು ನಾವು ಕನ್ನಡದ ಕೋಶಕಾರನೆಂದಷ್ಟೇ ನೆನೆಯುತ್ತೇವೆ, ಆತನನ್ನು ಒಳಗಿನಿಂದ ನಡೆಸಿದ್ದು ಯಾವುದೆಂದು ಕೇಳುವುದಿಲ್ಲ ಎಂಬ ಮಾತು ನನ್ನ ಮನಸ್ಸಿಗೆ ಬಂದಿತು.

ತಂದೆ ಪಾದ್ರಿ. ಮನೆಯಲ್ಲಿ ಪ್ರಾರ್ಥನೆ, ಶಿಸ್ತು, ಓದು. ಔರಿಖ್ ಪಟ್ಟಣದ ಶಾಲೆಯಲ್ಲಿ ಕಲಿಯುವಾಗಲೇ ಹುಡುಗ ಭಾಷೆಗಳಲ್ಲಿ ಮುಂದಿದ್ದ. ವಿಶ್ವವಿದ್ಯಾಲಯದ ದಾರಿ ಹಿಡಿಯಬಹುದಾಗಿದ್ದವನು 1850ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದ ಮಿಷನ್ ಸೆಮಿನರಿಗೆ ಸೇರಿದ. 1815ರಲ್ಲಿ ಸ್ಥಾಪನೆಯಾದ ಆ ಸಂಸ್ಥೆಯನ್ನು ಕಟ್ಟಿ ನಿಲ್ಲಿಸಿದ್ದು ನೈಋತ್ಯ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಭಕ್ತಿಪಂಥ. ಆ ಪಂಥದವರ ದೃಷ್ಟಿಯಲ್ಲಿ ನೋವೆಂಬುದು ದೇವರು ಮನುಷ್ಯನನ್ನು ಕೂರಿಸುವ ಪಾಠಶಾಲೆ. ಕ್ರಿಸ್ತನನ್ನು ಹಿಂಬಾಲಿಸುವವನು ಅವನ ಶಿಲುಬೆಯ ಒಂದು ತುದಿಯನ್ನಾದರೂ ಹೆಗಲಿಗೆ ತೆಗೆದುಕೊಳ್ಳಬೇಕು. ಸುಖವಾಗಿ ಬದುಕಿ ಭಕ್ತನಾಗಿರುತ್ತೇನೆ ಎಂಬುವನ ಮೇಲೆ ಅವರಿಗೆ ಅನುಮಾನ. ಇಂಥ ಶಿಕ್ಷಣ ಪಡೆದ ತರುಣರಿಗೆ ಹಡಗು ಹತ್ತಿ ದೂರದ ಉಷ್ಣದೇಶಕ್ಕೆ ಹೋಗುವುದೆಂದರೆ ಅರ್ಧ ಸನ್ಯಾಸ. ಮರಳಿ ಬರುತ್ತೇವೆಂಬ ಭರವಸೆ ಇಲ್ಲದೆ ಅವರು ಹೊರಡುತ್ತಿದ್ದರು. ಜ್ವರ, ಕಾಲರಾಗಳಿಗೆ ತುತ್ತಾಗಿ ಬಂದ ಕೆಲವೇ ತಿಂಗಳುಗಳಲ್ಲಿ ಮಣ್ಣಾದವರು ಎಷ್ಟೋ ಜನ.

1853ರಲ್ಲಿ ಕಿಟೆಲ್ ಭಾರತಕ್ಕೆ ಬಂದರು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೆಲೆಯೂರಿ ಆಗ 19 ವರ್ಷ ಆಗಿತ್ತು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚುಹಾಕಿಸಿ ಒಂದು ದಾರಿ ತೋರಿದ್ದರು. ಕಿಟೆಲರಿಗೆ ಮೊದಲು ನಿಯೋಜನೆಯಾದದ್ದು ಧಾರವಾಡಕ್ಕೆ. ಅಲ್ಲಿ ಅವರು ತಮ್ಮ ಶಕ್ತಿಯನ್ನೆಲ್ಲ ಕನ್ನಡ ಕಲಿಯುವುದಕ್ಕೇ ಸುರಿದರು. ಹಳ್ಳಿಗಳಿಗೆ ಕಾಲ್ನಡಿಗೆಯಲ್ಲಿ ಹೋದರು. ಇಲ್ಲಿಯ ಜನರ ನಡುವೆ ಇಲ್ಲಿಯವನಾಗಿಯೇ ಬದುಕಬೇಕೆಂಬುದು ಅವರ ಆಸೆ. ಯೆಹೂದ್ಯರಿಗೆ ಯೆಹೂದ್ಯನಾಗಿ ನಡೆಯಬೇಕೆಂಬ ಸಂತ ಪೌಲನ ಆದರ್ಶವನ್ನು ಅವರು ಅಕ್ಷರಶಃ ಹಿಡಿದಿದ್ದರು.

ಕಷ್ಟ ಮೊದಲು ಎದುರಾದದ್ದು ಇಲ್ಲಿಯೇ, ಮತ್ತು ಎದುರಾದದ್ದು ತಮ್ಮವರಿಂದ. ಹಿರಿಯ ಮಿಷನರಿಗಳಿಗೆ ಈ ತರುಣನ ರೀತಿ ಹಿಡಿಸಲಿಲ್ಲ. ಬೀದಿಯಲ್ಲಿ ನಿಂತು ಸುವಾರ್ತೆ ಸಾರಬೇಕಾದವನು ಪಂಡಿತರ ಮನೆಯ ಜಗಲಿಯಲ್ಲಿ ಕುಳಿತು ಹಳಗನ್ನಡ ಓದುತ್ತಾನೆಂಬುದು ಅವರ ದೂರು. ಆತನಿಗೆ ಸಮೂಹದ ಶಿಸ್ತಿಗಿಂತ ತನ್ನ ಹಾದಿಯೇ ಹೆಚ್ಚೆಂಬುದು ಇನ್ನೊಂದು ದೂರು. ಧಾರವಾಡದ ನಂತರ ನೀಲಗಿರಿ, ಮಂಗಳೂರು, ಕೊಡಗು ಹೀಗೆ ಕಿಟೆಲರ ನೆಲೆ ಬದಲಾಗುತ್ತಲೇ ಹೋಯಿತು. ಮತಾಂತರದ ಲೆಕ್ಕದಲ್ಲಿ ಅವರು ಎಂದೂ ಯಶಸ್ವಿ ಮಿಷನರಿ ಎನ್ನಿಸಿಕೊಳ್ಳಲಿಲ್ಲ. ಅನ್ಯರ ವಿರೋಧವನ್ನು ಎದುರಿಸಲು ಸಿದ್ಧನಾಗಿ ಬಂದವನಿಗೆ ತನ್ನವರ ಅಸಮಾಧಾನವನ್ನು ಸಹಿಸುವುದು ಎಷ್ಟೋ ಕಷ್ಟ. ವಿರೋಧಿಯ ಕಲ್ಲೇಟಿನಲ್ಲಿ ಹುತಾತ್ಮನಾದ ಸಮಾಧಾನವಾದರೂ ಇರುತ್ತದೆ. ಜೊತೆಗಾರನ ಮೌನದಲ್ಲಿ ಅದೂ ಇರುವುದಿಲ್ಲ.

1860ರಲ್ಲಿ ಕಿಟೆಲ್ ಪೌಲೀನ್ ಐತ್ ಎಂಬುವರನ್ನು ಮದುವೆಯಾದರು. ಬಾಸೆಲ್ ಮಿಷನ್ನಿನಲ್ಲಿ ಮದುವೆಯೂ ವೈಯಕ್ತಿಕ ವಿಷಯವಾಗಿರಲಿಲ್ಲ. ಬಂದ ಕೂಡಲೇ ಮದುವೆಯಾಗುವಂತಿರಲಿಲ್ಲ. ಆಡಳಿತ ಸಮಿತಿಯ ಒಪ್ಪಿಗೆ ಇಲ್ಲದೆ ವಧುವನ್ನು ಆರಿಸುವಂತಿರಲಿಲ್ಲ. ವ್ಯೂರ್ಟೆಂಬರ್ಗಿನ ಹಳ್ಳಿಗಳಿಂದ ಎಷ್ಟೋ ಹೆಣ್ಣುಮಕ್ಕಳು, ತಾವು ಸರಿಯಾಗಿ ಕಂಡೇ ಇರದ ಗಂಡಸರನ್ನು ವರಿಸಲು ತಿಂಗಳುಗಟ್ಟಲೆ ಹಡಗಿನಲ್ಲಿ ಬಂದು ಮಂಗಳೂರು, ಕಣ್ಣೂರುಗಳ ಬಂದರಿನಲ್ಲಿ ಇಳಿಯುತ್ತಿದ್ದರು. ಪೌಲೀನ್ ಕಿಟೆಲ್ ಮದುವೆಯಾಗಿ ನಾಲ್ಕು ವರ್ಷಕ್ಕೆ, 1864ರಲ್ಲಿ, ತೀರಿಕೊಂಡರು. ಆಗ ಕಿಟೆಲರ ವಯಸ್ಸು 32. ಮುಂದೆ 1867ರಲ್ಲಿ ಪೌಲೀನಳ ತಂಗಿ ಜೂಲಿಯನ್ನು ಅವರು ವರಿಸಿದರು. ಅಕ್ಕ ಮಣ್ಣಾದ ದಾರಿಗೇ ತಂಗಿಯೂ ಹೆಜ್ಜೆಯಿಟ್ಟಳು.

ಇನ್ನೊಂದು ಸಂಗತಿಯನ್ನು ಹೇಳದೆ ಈ ಮನೆಗಳ ನೋವು ಅರ್ಥವಾಗದು. ಮಿಷನರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದೊಡನೆ ಅವರನ್ನು ಯೂರೋಪಿಗೆ ಕಳುಹಿಸುವುದು ರೂಢಿ. ಬಾಸೆಲ್ ನಗರದಲ್ಲಿ ಅಂಥ ಮಕ್ಕಳಿಗಾಗಿಯೇ ಒಂದು ನಿಲಯ 1853ರಲ್ಲಿ ಆರಂಭವಾಗಿತ್ತು. ಆರೇಳು ವರ್ಷದ ಮಗುವನ್ನು ಬಂದರಿನಲ್ಲಿ ಬೀಳ್ಕೊಟ್ಟ ತಾಯಿ ಅದನ್ನು ಮತ್ತೆ ನೋಡುವ ಹೊತ್ತಿಗೆ ಅದು ಬೆಳೆದ ಹುಡುಗನಾಗಿರುತ್ತಿತ್ತು. ತಾಯಿಯ ಮುಖವೇ ಅದಕ್ಕೆ ಹೊಸದಾಗಿರುತ್ತಿತ್ತು. ಇದನ್ನೂ ಅವರು ಶಿಲುಬೆಯೆಂದೇ ಕರೆದರು. ದೊಡ್ಡವರು ತಮಗಾಗಿ ಆರಿಸಿಕೊಂಡ ಶಿಲುಬೆಯಲ್ಲಿ ಮಕ್ಕಳ ಹೆಗಲಿಗೆ ಬಿದ್ದ ಪಾಲೆಷ್ಟೆಂದು ಕೇಳುವ ಅಭ್ಯಾಸ ಆ ಕಾಲಕ್ಕೆ ಇರಲಿಲ್ಲ. ಆ ಪ್ರಶ್ನೆಗೆ ನಾನು ಮತ್ತೆ ಬರುತ್ತೇನೆ.

ಈ ವರ್ಷಗಳಲ್ಲಿ ಕಿಟೆಲ್ ಏನು ಬರೆದರೆಂಬುದನ್ನು ನೋಡಿದರೆ ಅವರ ಮನಸ್ಸಿನ ಜಾಡು ತಿಳಿಯುತ್ತದೆ. 1862ರಲ್ಲಿ ‘ಕಥಾಮಾಲೆ’ ಪ್ರಕಟವಾಯಿತು. ಯೇಸುವಿನ ಚರಿತ್ರೆಯನ್ನು ಅದರಲ್ಲಿ ಅವರು ಕನ್ನಡದ ಛಂದಸ್ಸಿಗೆ ಒಗ್ಗಿಸಿದರು. ಗೆತ್ಸೆಮನೆಯ ತೋಟದಲ್ಲಿ ಈ ಬಟ್ಟಲು ನನ್ನಿಂದ ದೂರವಾಗಲಿ ಎಂದು ಬೇಡಿ, ಕಡೆಗೆ ತಂದೆಯ ಚಿತ್ತಕ್ಕೆ ತಲೆಬಾಗಿ, ಶಿಲುಬೆಯ ಮೇಲೆ ತಾನು ಕೈಬಿಡಲ್ಪಟ್ಟೆನೆಂದು ಕೂಗಿಕೊಂಡವನ ಚರಿತ್ರೆ ಅದು. ಅಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸುವಾರ್ತೆಗಳ ಯೇಸು ನೋವನ್ನು ಬಯಸಿದವನಲ್ಲ. ಅದು ತಪ್ಪಲಿ ಎಂದೇ ಮೊದಲು ಬೇಡಿದವನು. ತಪ್ಪದೆಂದು ತಿಳಿದಾಗ ಅದರಿಂದ ಓಡಿಹೋಗಲಿಲ್ಲ, ಅದು ನೋವಲ್ಲವೆಂದು ನಟಿಸಲೂ ಇಲ್ಲ. ಕ್ರೈಸ್ತ ಪರಂಪರೆ ನೋವಿನ ಬಗ್ಗೆ ಹೇಳಿದ್ದೆಲ್ಲದರ ತಿರುಳು ಈ ಮೂರು ಹೆಜ್ಜೆಗಳಲ್ಲಿದೆ. ಮೊದಲ ಹೆಜ್ಜೆಯನ್ನು ಬಿಟ್ಟು ಎರಡನೆಯದನ್ನಷ್ಟೇ ಬೋಧಿಸಿದಾಗಲೆಲ್ಲ ಆ ಪರಂಪರೆ ತಪ್ಪುದಾರಿ ಹಿಡಿದಿದೆ.

1872ರಲ್ಲಿ ಕಿಟೆಲ್ ಯಜ್ಞವನ್ನೇ ವಿಷಯವಾಗಿಟ್ಟುಕೊಂಡು ‘ಯಜ್ಞ ಸುಧಾನಿಧಿ’ ಎಂಬ ಪುಸ್ತಕವನ್ನು ಹೊರತಂದರು. ವೈದಿಕ ಯಜ್ಞದ ಕಲ್ಪನೆಗೂ ಶಿಲುಬೆಯ ಬಲಿಗೂ ನಡುವೆ ಮಾತು ಸಾಧ್ಯವೇ ಎಂಬ ಹುಡುಕಾಟ ಅವರದು. ಮಿಷನರಿಯಾಗಿ ಅವರ ಉದ್ದೇಶ ಸ್ಪಷ್ಟವೇ ಇತ್ತು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಈ ನೆಲದ ಜನ ತ್ಯಾಗವನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆಂದು ತಿಳಿಯದೆ ಅವರ ಮುಂದೆ ಶಿಲುಬೆಯ ಮಾತೆತ್ತುವುದು ವ್ಯರ್ಥವೆಂಬ ಅರಿವೂ ಅಷ್ಟೇ ಸ್ಪಷ್ಟವಾಗಿತ್ತು. ಅದೇ ವರ್ಷ ಅವರು ಸಂಪಾದಿಸಿದ ಕೇಶಿರಾಜನ ‘ಶಬ್ದಮಣಿದರ್ಪಣ’ ಮಂಗಳೂರಿನಲ್ಲಿ ಅಚ್ಚಾಯಿತು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಬಂತು. ಸಾರುವುದಕ್ಕೆಂದು ಬಂದವನು ಕೇಳುವುದರಲ್ಲಿ ಮುಳುಗಿಹೋದನೆಂದು ಹೇಳಬಹುದು.

ನಿಘಂಟಿನ ಕೆಲಸ ಈ ಕೇಳುವಿಕೆಯ ಮುಂದುವರಿಕೆ. ಇಂದು ಕಂಪ್ಯೂಟರ್ ಬಳಸುವ ನಮಗೆ ಆ ಕೆಲಸದ ಸ್ವರೂಪವನ್ನು ಊಹಿಸುವುದೂ ಕಷ್ಟ. ತಾಳೆಗರಿಗಳನ್ನು, ಆಗಷ್ಟೇ ಅಚ್ಚಾಗುತ್ತಿದ್ದ ಕಾವ್ಯಗಳನ್ನು ಓದಿ, ಒಂದೊಂದು ಪದವನ್ನೂ ಅದು ಬಂದ ಸಂದರ್ಭದೊಡನೆ ಬರೆದಿಡಬೇಕು. ದಾಸರ ಹಾಡು, ವೀರಶೈವ ಪುರಾಣ, ಜೈನಕಾವ್ಯ, ಗಾದೆಗಳು, ಸಂತೆಯ ಮಾತು ಎಲ್ಲವನ್ನೂ ಒಂದೇ ಗೌರವದಿಂದ ಕೂಡಿಸಬೇಕು. ಅದೇ ಧಾತು ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಯಾವ ರೂಪ ಪಡೆದಿದೆಯೆಂದು ಹೋಲಿಸಬೇಕು. ಸಂಸ್ಕೃತದಿಂದ ಬಂದದ್ದು ಯಾವುದು, ಕನ್ನಡದ್ದೇ ಯಾವುದು ಎಂದು ಬೇರ್ಪಡಿಸಬೇಕು. ಇದಕ್ಕೆ ಕನ್ನಡ ಪಂಡಿತರ ನೆರವು ಅವರಿಗೆ ಇತ್ತು. ಆದರೆ ಅಷ್ಟೂ ಪದಗಳ ಹೊಣೆ ಹೊತ್ತವರು ಅವರೊಬ್ಬರೇ.

1877ರಲ್ಲಿ ಕಿಟೆಲ್ ಜರ್ಮನಿಗೆ ಮರಳಿದರು. ವಯಸ್ಸು 45. ಬೇರೆಯವರಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಐವತ್ತು ದಾಟಿದ ಮೇಲೆ, 1883ರಲ್ಲಿ, ಅವರು ಮತ್ತೆ ಭಾರತದ ಹಡಗು ಹತ್ತಿದರು. ಈ ಬಾರಿ ಬಂದದ್ದು ಜನರನ್ನು ಸಭೆಗೆ ಸೇರಿಸುವುದಕ್ಕಲ್ಲ, ಪದಗಳನ್ನು ಪುಸ್ತಕಕ್ಕೆ ಸೇರಿಸುವುದಕ್ಕೆ. ಒಂಬತ್ತು ವರ್ಷ ದುಡಿದು 1892ರಲ್ಲಿ ಕೊನೆಯ ಸಲ ಈ ನೆಲವನ್ನು ಬಿಟ್ಟರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದಗಳು. ಅದನ್ನು ಬಿಡಿಸಿ ನೋಡಿದವರು ಯಾರೇ ಆದರೂ ಅದರ ಹಿಂದೆ ಒಂದು ಇಡೀ ಆಯುಸ್ಸು ಸಂದಿದೆಯೆಂದು ಒಪ್ಪುತ್ತಾರೆ.

ಇಲ್ಲಿ ಒಂದು ಕನ್ನಡ ಪದದ ಬಗ್ಗೆ ಹೇಳಬೇಕು. ಟೀಚರಮ್ಮ ಒಂದು ಸಂಜೆ ನನಗೆ ಹುಡುಕಲು ಹೇಳಿದ ಪದ ‘ತಾಳು’. ಇಷ್ಟು ಸುಲಭದ ಪದವನ್ನು ನಿಘಂಟಿನಲ್ಲಿ ಏಕೆ ನೋಡಬೇಕೆಂದು ನನಗೆ ಅಚ್ಚರಿ. ತಾಳುವುದೆಂದರೆ ಸಹಿಸುವುದು, ಅಷ್ಟು ಎಲ್ಲರಿಗೂ ಗೊತ್ತು. ತಾಳು ಎಂದರೆ ಸ್ವಲ್ಪ ಕಾಯಿ ಎಂದೂ ಅರ್ಥ. ಆದರೆ ರೂಪ ತಾಳುವುದು, ಜನ್ಮ ತಾಳುವುದು, ಗರ್ಭ ತಾಳುವುದು ಎಂದೂ ನಾವು ಹೇಳುತ್ತೇವಲ್ಲ! ಅಲ್ಲಿ ಆ ಪದಕ್ಕೆ ಧರಿಸುವುದು, ಹೊಂದುವುದು, ಒಳಗೆ ತೆಗೆದುಕೊಳ್ಳುವುದು ಎಂದರ್ಥ. ಸಹಿಸುವುದಕ್ಕೂ ಒಂದು ಹೊಸ ರೂಪವನ್ನು ಪಡೆಯುವುದಕ್ಕೂ ಕನ್ನಡ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ನಾವು ಸುಮ್ಮನಿದ್ದವನು ಉಳಿದಾನು ಎಂದು ಓದಿಕೊಂಡಿದ್ದೇವೆ. ಅದು ಅರ್ಧ ಓದು. ಬಂದದ್ದನ್ನು ಒಳಗೆ ತೆಗೆದುಕೊಂಡು ಅದಕ್ಕೊಂದು ರೂಪ ಕೊಟ್ಟವನು ಬಾಳಿಯಾನು ಎಂದೂ ಅದನ್ನು ಓದಬಹುದು.

ಕಿಟೆಲರ ಜೀವನ ಈ ಎರಡನೆಯ ಅರ್ಥದಲ್ಲಿ ತಾಳಿದವನ ಜೀವನ. ತಮ್ಮವರ ನಿರಾಕರಣೆ, ಪತ್ನಿಯ ಮರಣ, ವೃತ್ತಿಯಲ್ಲಿ ಸೋತೆನೆಂಬ ಭಾವ ಇವುಗಳನ್ನು ಅವರು ದೇವರಿಚ್ಛೆಯೆಂದು ಹೇಳಿ ಕೈಕಟ್ಟಿ ಕೂರಲಿಲ್ಲ. ಅವುಗಳನ್ನು ಗೆದ್ದೆನೆಂದು ಹೇಳುವಂಥ ಜಯವೂ ಅವರಿಗೆ ಸಿಗಲಿಲ್ಲ. ದಿನವೂ ಒಂದಷ್ಟು ಪದ, ಒಂದಷ್ಟು ಪುಟ. ಕ್ರೈಸ್ತ ಸಾಧಕರು ಬರೆದಿಟ್ಟ ಶಿಲುಬೆಯ ದಾರಿಯೆಂಬುದು ಬಹುಪಾಲು ಹೀಗೆಯೇ ಇರುತ್ತದೆಂದು ನನಗೆ ತೋರುತ್ತದೆ. ಅದರಲ್ಲಿ ರಕ್ತಸಾಕ್ಷಿಗಳ ವೈಭವ ಅಪರೂಪ. ಹೆಚ್ಚಿನದು ಯಾರೂ ನೋಡದ, ಯಾರೂ ಹೊಗಳದ ನಿತ್ಯದ ದುಡಿಮೆ.

ಆದರೂ ಈ ಬೋಧನೆಯ ಎದುರು ಎತ್ತಬೇಕಾದ ಆಕ್ಷೇಪಣೆ ಒಂದಿದೆ, ಮತ್ತು ಅದು ಸಣ್ಣದಲ್ಲ. ನೋವನ್ನು ಸ್ವೀಕರಿಸು ಎಂಬ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ? ಯಜಮಾನನು ಆಳಿಗೆ, ಗಂಡನು ಹೆಂಡತಿಗೆ, ಮೇಲಿನವನು ಕೆಳಗಿನವನಿಗೆ ಈ ಮಾತನ್ನು ಹೇಳಿದಾಗ ಅದು ಅಧ್ಯಾತ್ಮವಾಗಿ ಉಳಿಯುವುದಿಲ್ಲ, ಅನುಕೂಲವಾಗುತ್ತದೆ. ನಮ್ಮಲ್ಲಿ ಕರ್ಮಸಿದ್ಧಾಂತಕ್ಕೆ ಆದ ಗತಿಯೇ ಅಲ್ಲಿ ಶಿಲುಬೆಯ ಸಿದ್ಧಾಂತಕ್ಕೂ ಆಗಿದೆ. ಗುಲಾಮರನ್ನು ಇಟ್ಟುಕೊಂಡವರು ಅವರಿಗೆ ಸಹನೆಯ ಉಪದೇಶ ಮಾಡಿದ ಇತಿಹಾಸ ಅಮೆರಿಕದಲ್ಲಿದೆ. ಬಾಸೆಲ್ ಮಿಷನ್ನಿನ ಮನೆಗಳಲ್ಲೂ ತಾಯಿಯಿಂದ ಬೇರ್ಪಟ್ಟ ಆರು ವರ್ಷದ ಮಗು ತನ್ನ ಶಿಲುಬೆಯನ್ನು ತಾನು ಆರಿಸಿಕೊಂಡಿರಲಿಲ್ಲ.

ಈ ನೆಲದವರ ಉದಾಹರಣೆಯನ್ನೂ ನೋಡಬೇಕು. 1844ರ ಆರಂಭದಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಹತ್ತೊಂಬತ್ತರ ಆಸುಪಾಸಿನ ಆ ಹುಡುಗ ಮನೆ, ಜಾತಿ, ಬಂಧುಬಳಗ ಎಲ್ಲವನ್ನೂ ಒಂದೇ ದಿನದಲ್ಲಿ ಕಳೆದುಕೊಂಡ. ಮುಂದೆ ಹರ್ಮನ್ ಕೌಂಡಿನ್ಯನಾಗಿ ಬಾಸೆಲ್ಲಿನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿ, 1893ರಲ್ಲಿ ತೀರಿಕೊಳ್ಳುವವರೆಗೆ ದುಡಿದ. ಅವನ ನೋವು ಅವನೇ ಆರಿಸಿಕೊಂಡದ್ದು. ಆದರೆ ಅವನನ್ನು ಕಳೆದುಕೊಂಡ ಮನೆಯವರ ನೋವು ಅವರು ಆರಿಸಿಕೊಂಡದ್ದಲ್ಲ. ಒಬ್ಬನ ನಂಬಿಕೆಯ ಬೆಲೆಯನ್ನು ಎಷ್ಟೋ ಬಾರಿ ಇನ್ನೊಬ್ಬರೂ ತೆರುತ್ತಾರೆ. ಕ್ರೈಸ್ತ ಮಿಷನ್ನಿನ ಚರಿತ್ರೆಯನ್ನು ಬರೆಯುವವರೂ, ಅದನ್ನು ವಿರೋಧಿಸುವವರೂ ಈ ಎರಡನ್ನೂ ಒಟ್ಟಿಗೆ ನೋಡುವುದು ಅಪರೂಪ.

ಹಾಗಾದರೆ ಒಪ್ಪಿಕೊಳ್ಳಬಹುದಾದ ನೋವಿಗೂ ಒಪ್ಪಿಕೊಳ್ಳಬಾರದ ನೋವಿಗೂ ಗೆರೆ ಎಲ್ಲಿ? ಆ ಕಾಲದ ಮಂಗಳೂರೇ ಇದಕ್ಕೊಂದು ಉತ್ತರ ಕೊಟ್ಟಿದೆ. ಕಿಟೆಲ್ ನಿಘಂಟಿನಲ್ಲಿ ಮುಳುಗಿದ್ದ ದಶಕದಲ್ಲಿಯೇ ಇನ್ನೊಬ್ಬ ಜರ್ಮನ್, ಕ್ಯಾಥೊಲಿಕ್ ಪಂಥದ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್, ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧಾಲಯ ನಡೆಸುತ್ತಿದ್ದರು. 1890ರಲ್ಲಿ ಅವರು ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಅದು ಊರಿನಿಂದ, ಮನೆಯಿಂದ ಹೊರಹಾಕಲ್ಪಟ್ಟವರಿಗೆ ಸಿಕ್ಕ ಸೂರು. 1910ರಲ್ಲಿ ಅವರು ತೀರಿಕೊಂಡ ಮೇಲೂ ಆ ಸಂಸ್ಥೆ ಬೆಳೆದು ಇಂದಿಗೂ ಅವರ ಹೆಸರಿನಲ್ಲಿಯೇ ನಡೆಯುತ್ತಿದೆ. ಮುಲ್ಲರ್ ತಮ್ಮ ಕಷ್ಟವನ್ನು ಶಿಲುಬೆಯೆಂದು ಹೊತ್ತರು. ರೋಗಿಯ ಕಷ್ಟವನ್ನು ನೋಡಿ ಅದು ನಿನ್ನ ಶಿಲುಬೆಯೆಂದು ದಾಟಿ ಹೋಗಲಿಲ್ಲ, ಮದ್ದು ಅರೆದರು. ನನ್ನ ನೋವಿನ ಮುಂದೆ ತಾಳ್ಮೆ, ನೆರೆಯವನ ನೋವಿನ ಮುಂದೆ ಅವಸರ ಎಂಬ ಈ ಅನುಪಾತವನ್ನು ತಲೆಕೆಳಗು ಮಾಡಿದಾಗ ಧರ್ಮ ಕ್ರೂರವಾಗುತ್ತದೆ.

ನಮ್ಮ ಬಜಾರಿಗೆ ಹೆಸರು ಕೊಟ್ಟ ಗಾಂಧೀಜಿಗೂ ಈ ಅನುಪಾತ ಗೊತ್ತಿತ್ತು. 1931ರ ಡಿಸೆಂಬರಿನಲ್ಲಿ ದುಂಡುಮೇಜಿನ ಪರಿಷತ್ತಿನಿಂದ ಮರಳುವಾಗ ಅವರು ರೋಮಿನ ವ್ಯಾಟಿಕನ್‌ನಲ್ಲಿ ಶಿಲುಬೆಗೇರಿದ ಯೇಸುವಿನ ಮೂರ್ತಿಯ ಮುಂದೆ ನಿಂತು ಕಣ್ಣು ತುಂಬಿಕೊಂಡರು. ಸತ್ಯಾಗ್ರಹಿ ಲಾಠಿಯ ಏಟನ್ನು ಸ್ವೀಕರಿಸುತ್ತಾನೆ; ಆದರೆ ಅನ್ಯಾಯವನ್ನು ಸ್ವೀಕರಿಸುವುದಿಲ್ಲ. ಅನ್ಯಾಯವನ್ನು ಒಪ್ಪದಿರುವುದಕ್ಕಾಗಿಯೇ ಏಟನ್ನು ಒಪ್ಪುತ್ತಾನೆ. ಅವರು ಕ್ರೈಸ್ತರಾಗದೆಯೇ ಶಿಲುಬೆಯನ್ನು ಓದಿದ ಬಗೆ ಅದು.

ಕಿಟೆಲರ ಕೊನೆಯ ವರ್ಷಗಳು ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಕಳೆದವು. 1896ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಎಳೆಯ ವಯಸ್ಸಿನಲ್ಲಿ ಬಿಟ್ಟುಬಂದ ವಿದ್ವತ್ತಿನ ದಾರಿ ಮುಪ್ಪಿನಲ್ಲಿ ತಾನಾಗಿ ಮನೆಬಾಗಿಲಿಗೆ ಬಂತು. ಆದರೂ ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಇಂಗ್ಲಿಷಿನಲ್ಲಿ ರಚಿಸಿದ ಕನ್ನಡ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ತಮ್ಮ 71ನೆಯ ವಯಸ್ಸಿನಲ್ಲಿ ಕಿಟೆಲ್ ಕಣ್ಣುಮುಚ್ಚಿದರು. ಬದುಕಿದ್ದಾಗ ಅವರನ್ನು ಅರ್ಥಮಾಡಿಕೊಳ್ಳದ ಮಿಷನ್ನಿಗೆ ಇಂದು ಕರ್ನಾಟಕದಲ್ಲಿ ಅತಿ ಹೆಚ್ಚು ಕೃತಜ್ಞತೆ ತಂದುಕೊಡುತ್ತಿರುವುದು ಅವರ ಹೆಸರೇ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಬೆಂಗಳೂರಿನಲ್ಲಿ 2001ರಲ್ಲಿ ಅವರ ಪ್ರತಿಮೆಯನ್ನು ನಿಲ್ಲಿಸಲಾಯಿತು. ಮರಿಯಪ್ಪ ಭಟ್ಟರು ನಿಘಂಟನ್ನು ಪರಿಷ್ಕರಿಸಿ, ಹಿಗ್ಗಿಸಿ, ಮದರಾಸು ವಿಶ್ವವಿದ್ಯಾಲಯದ ಮೂಲಕ 1968ರಿಂದ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ಪೂರ್ಣಗೊಂಡ ಮೇಲೂ ವಿದ್ವಾಂಸರು ಕಿಟೆಲರನ್ನು ಕೈಬಿಟ್ಟಿಲ್ಲ.

ಈ ಕೀರ್ತಿಯನ್ನು ಅವರ ನೋವಿಗೆ ಸಂದ ಪ್ರತಿಫಲವೆಂದು ಹೇಳಿ ಮುಗಿಸುವುದು ಸುಲಭ. ನಾನು ಹಾಗೆ ಹೇಳಲಾರೆ. ಅವರು ಅದನ್ನು ಕಾಣಲಿಲ್ಲ. 1864ರಲ್ಲಿ ತೀರಿಕೊಂಡ ಪೌಲೀನಳಿಗೆ ನಿಘಂಟು ಯಾವ ಪರಿಹಾರವನ್ನೂ ಕೊಡಲಿಲ್ಲ. ನೋವಿಗೆ ಲಾಭನಷ್ಟದ ಖಾತೆ ತೆರೆದೊಡನೆ ನಾವು ಸಮಾಧಾನ ಹೇಳಲು ಬಂದ ನೆಂಟರ ಸಾಲಿಗೆ ಸೇರಿಬಿಡುತ್ತೇವೆ. ಯೋಬನ ಗ್ರಂಥದಲ್ಲಿ ದೇವರು ಕೋಪಿಸಿಕೊಂಡದ್ದು ಅಳುತ್ತಾ ಜಗಳವಾಡಿದ ಯೋಬನ ಮೇಲಲ್ಲ. ಅವನ ಕಷ್ಟಕ್ಕೆ ಅಚ್ಚುಕಟ್ಟಾದ ಕಾರಣ ಹುಡುಕಿ ಕೊಟ್ಟ ಗೆಳೆಯರ ಮೇಲೆ. ಕಿಟೆಲರ ಜೀವನ ನಮಗೆ ಕಾರಣವನ್ನು ಕೊಡುವುದಿಲ್ಲ. ಕಾರಣ ಸಿಗದೆಯೂ ಮನುಷ್ಯ ಏನು ಮಾಡಬಲ್ಲನೆಂಬುದನ್ನು ತೋರಿಸುತ್ತದೆ.

ಟೀಚರಮ್ಮನ ಗಂಡ ಒಂಬತ್ತನೆಯ ವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಅಂದು ಸಂಜೆ ಓಣಿಯ ಜನರೆಲ್ಲ ಬಂದು ಅವರಿಗೂ ಬಿಡುಗಡೆಯಾಯಿತು, ನಿಮಗೂ ಬಿಡುಗಡೆಯಾಯಿತು ಎಂದರು. ಆಗ ಅವರು ಮೊದಲ ಬಾರಿಗೆ ಎಲ್ಲರೆದುರು ಅತ್ತರು. ಅಷ್ಟು ವರ್ಷ ಅವರು ಹೊತ್ತದ್ದು ಹೊರೆಯೆಂದೇ ತಿಳಿದಿದ್ದ ನಮಗೆ ಆ ಅಳು ಅರ್ಥವಾಗಲಿಲ್ಲ. ಕೆಲವು ದಿನಗಳ ನಂತರ ಪಾಠ ಮತ್ತೆ ಆರಂಭವಾಯಿತು. ಹಾಸಿಗೆಯಿದ್ದ ಜಾಗದಲ್ಲಿ ಚಾಪೆ ಹಾಸಿ ಇನ್ನೂ ನಾಲ್ಕು ಮಕ್ಕಳನ್ನು ಕೂರಿಸಿಕೊಂಡರು. ಬಜಾರಿಗೆ ಈಗ ಹೋದಾಗ ಆ ಓಣಿಗೆ ಒಮ್ಮೆ ಹೊಕ್ಕು ಬರುತ್ತೇನೆ. ಮನೆ ಹೋಗಿ ಗೋದಾಮು ಬಂದಿದೆ. ರಟ್ಟು ಕಿತ್ತ ಆ ನಿಘಂಟು ನನ್ನ ಬಳಿ ಇದೆ. ‘ತಾಳು’ ಎಂಬ ಪದವಿರುವ ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಸಣ್ಣ ಗೆರೆ ಇನ್ನೂ ಕಾಣುತ್ತದೆ.